ಪೌರಸಂಸ್ಥೆಗಳ ಒಕ್ಕೂಟ ನಿಜಕ್ಕೂ ಯಾರ ಪರವಾಗಿ ಮಾತನಾಡುತ್ತದೆ?

ಪ್ರಶ್ನೆ | ಹೊಸ ಸದಸ್ಯೆ

ಚಿಕ್ಕ ಪುರಸಭೆಯೊಂದಕ್ಕೆ ಮೊದಲ ಬಾರಿ ಆಯ್ಕೆಯಾಗಿ ಬಂದವಳು ನಾನು. ಆಯವ್ಯಯದ ಪಟ್ಟಿಯನ್ನು ಓದುತ್ತಿದ್ದಾಗ, ಪೌರಸಂಸ್ಥೆಗಳ ಒಕ್ಕೂಟಕ್ಕೆ ನಾವು ಪ್ರತಿ ವರ್ಷ ಸದಸ್ಯತ್ವದ ವಂತಿಗೆ ಕಟ್ಟುತ್ತಿರುವುದು ಕಣ್ಣಿಗೆ ಬಿತ್ತು. ಇದರಿಂದ ನಮಗೇನು ಸಿಗುತ್ತದೆ ಎಂದು ಸಭೆಯಲ್ಲಿ ಕೇಳಿದಾಗ ‘ಸರ್ಕಾರದ ಮುಂದೆ ಅವರು ನಮ್ಮ ಪರವಾಗಿ ಮಾತನಾಡುತ್ತಾರೆ’ ಎಂಬ ಒಂದು ವಾಕ್ಯದ ಉತ್ತರ ಬಂತೇ ಹೊರತು, ಯಾರ ಮುಂದೆ, ಯಾವ ಅಧಿಕಾರದಿಂದ, ಏನನ್ನು ಮಾತನಾಡುತ್ತಾರೆ ಎಂಬುದನ್ನು ಯಾರೂ ವಿವರಿಸಲಿಲ್ಲ. ನನ್ನ ಸಂಶಯ ಇಷ್ಟೇ: ಲಕ್ಷಾಂತರ ಜನಸಂಖ್ಯೆಯ ನಗರಕ್ಕೆ ಬೇಕಾದದ್ದು ಹೊಸ ರೈಲು ಮಾರ್ಗ, ನಮಗೆ ಬೇಕಾದದ್ದು ಒಬ್ಬ ಖಾಯಂ ಎಂಜಿನಿಯರು. ಇವೆರಡನ್ನೂ ಒಂದೇ ಮನವಿಪತ್ರದಲ್ಲಿ ಬರೆಯುವ ಸಂಘವು ಕೊನೆಗೆ ಎರಡನ್ನೂ ಬಿಟ್ಟು, ಯಾರಿಗೂ ನೋವಾಗದ ಮೂರನೆಯದೊಂದನ್ನು ಕೇಳಿ ಸುಮ್ಮನಾಗುವುದಿಲ್ಲವೇ? ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 | ಕರಡು ಓದುಗ

ಇಂಥದೊಂದು ಒಕ್ಕೂಟದ ಕಚೇರಿಯಲ್ಲಿ ಕೆಲವು ವರ್ಷ ಕರಡು ಮಸೂದೆಗಳನ್ನು ಓದುವ ಕೆಲಸ ಮಾಡಿದ್ದೇನೆ. ಹೊರಗಿನವರ ಕಣ್ಣಿಗೆ ಬೀಳುವುದು ವಾರ್ಷಿಕ ಸಮ್ಮೇಳನ, ಅಲ್ಲಿ ಕೈಗೊಂಡ ಠರಾವುಗಳು, ಸಚಿವರ ಕೈಗೆ ಮನವಿ ಕೊಡುವ ಛಾಯಾಚಿತ್ರ. ಇವುಗಳಿಂದ ಆಗುವ ಕೆಲಸ ಕಡಿಮೆ. ಮಸೂದೆಯು ಶಾಸನಸಭೆಯನ್ನು ಮುಟ್ಟುವ ಹೊತ್ತಿಗೆ ಅದರ ಬಹುಪಾಲು ಗಟ್ಟಿಯಾಗಿಬಿಟ್ಟಿರುತ್ತದೆ. ಅದು ಹಸಿಯಾಗಿರುವಾಗಲೇ, ಅಂದರೆ ಇಲಾಖೆಯ ಅಧಿಕಾರಿ ಇನ್ನೂ ಕರಡನ್ನು ತಿದ್ದುತ್ತಿರುವಾಗಲೇ, ಇದನ್ನು ಜಾರಿಗೊಳಿಸಲು ಎಷ್ಟು ಜನ ಮತ್ತು ಎಷ್ಟು ಹಣ ಬೇಕು ಎಂಬ ಲೆಕ್ಕವನ್ನು ಅವರ ಮುಂದಿಡುವವರ ಮಾತಿಗೆ ಬೆಲೆಯಿದೆ. ಆ ಲೆಕ್ಕ ಇಲಾಖೆಯ ಬಳಿ ಇರುವುದಿಲ್ಲ, ಸದಸ್ಯ ಸಂಸ್ಥೆಗಳ ಕಡತಗಳಲ್ಲಿ ಚದುರಿಹೋಗಿರುತ್ತದೆ. ಅದನ್ನು ಒಟ್ಟುಮಾಡುವುದೇ ಒಕ್ಕೂಟದ ನಿಜವಾದ ದುಡಿಮೆ.

ಒಮ್ಮೆ ಕಟ್ಟಡ ಪರವಾನಗಿಯ ಗಡುವನ್ನು ಅರ್ಧಕ್ಕೆ ಇಳಿಸುವ ಪ್ರಸ್ತಾಪ ಬಂದಾಗ, ಒಂದು ಅರ್ಜಿ ಎಷ್ಟು ಮೇಜುಗಳನ್ನು ದಾಟುತ್ತದೆ, ಪ್ರತಿ ಮೇಜಿನಲ್ಲಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಸ್ಥಳ ಪರಿಶೀಲನೆಗೆ ಹೋಗಿಬರಲು ಎಷ್ಟು ಗಂಟೆ ಬೇಕು ಎಂದು ಕೇಳುವ ನಮೂನೆಯೊಂದನ್ನು ಎಲ್ಲ ಸದಸ್ಯರಿಗೂ ಕಳುಹಿಸಿದೆವು. ದೊಡ್ಡ ನಗರಗಳಿಂದ ಸಹಿ, ಮೊಹರು ಸಮೇತ ಅಚ್ಚುಕಟ್ಟಾದ ಕೋಷ್ಟಕಗಳು ಬಂದವು. ಚಿಕ್ಕ ಪುರಸಭೆಗಳ ನಮೂನೆಗಳಲ್ಲಿ ಹೆಚ್ಚಿನ ಅಂಕಣಗಳು ಖಾಲಿ. ಅವುಗಳ ಪೈಕಿ ಒಂದರ ಅಂಚಿನಲ್ಲಿ ಮಾತ್ರ ಪೆನ್ಸಿಲ್ಲಿನಿಂದ ‘ಈ ನಾಲ್ಕೂ ಮೇಜು ನನ್ನದೇ’ ಎಂದು ಬರೆದಿತ್ತು. ಇಲಾಖೆಯೊಂದಿಗಿನ ಸಭೆಯಲ್ಲಿ ನಮ್ಮ ಇಪ್ಪತ್ತು ಪುಟಗಳ ಟಿಪ್ಪಣಿಗಿಂತ ಆ ಒಂದು ಸಾಲೇ ಹೆಚ್ಚು ಕೆಲಸ ಮಾಡಿತು, ಚಿಕ್ಕ ಸಂಸ್ಥೆಗಳಿಗೆ ಬೇರೆ ಗಡುವು ಸಿಕ್ಕಿತು.

ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದನ್ನು ನೆದರ್ಲೆಂಡ್ಸ್‌ನಲ್ಲಿ ನೋಡಬಹುದು. ಅಲ್ಲಿನ ಸರ್ಕಾರವು 2015ರಲ್ಲಿ ಮಕ್ಕಳ ಮತ್ತು ಹದಿಹರೆಯದವರ ಆರೈಕೆಯ ಹೊಣೆಯನ್ನು ಪೌರಸಂಸ್ಥೆಗಳಿಗೆ ವಹಿಸಿತು, ಆದರೆ ಅದರೊಂದಿಗೆ ಬರಬೇಕಾದ ಹಣಕ್ಕೆ ಕತ್ತರಿ ಹಾಕಿಯೇ ಕೊಟ್ಟಿತು. ಕೊರತೆ ವರ್ಷದಿಂದ ವರ್ಷಕ್ಕೆ ಬೆಳೆಯಿತು. 1912ರಿಂದ ಇರುವ ಅಲ್ಲಿನ ಒಕ್ಕೂಟ ವಿಎನ್‌ಜಿ ಬರೀ ದೂರುತ್ತ ಕೂರಲಿಲ್ಲ. ಕೊರತೆಯ ಮೊತ್ತವು ಸ್ವತಂತ್ರ ಅಧ್ಯಯನದಿಂದ ಖಚಿತವಾದ ಮೇಲೆ ವಿವಾದವು ಮಧ್ಯಸ್ಥಗಾರರ ಸಮಿತಿಯ ಮುಂದೆ ಹೋಯಿತು, ಆ ಸಮಿತಿಯು 2021ರ ಮೇ ತಿಂಗಳಲ್ಲಿ, 2022ನೇ ಸಾಲಿಗೆ ಸರ್ಕಾರವು 190 ಕೋಟಿ ಯೂರೊಗಳನ್ನು ಹೆಚ್ಚುವರಿಯಾಗಿ ಕೊಡಬೇಕೆಂದು ತೀರ್ಮಾನಿಸಿತು. ಯಾವ ಒಂದು ಪುರಸಭೆಯೂ, ಆಮ್ಸ್ಟರ್‌ಡ್ಯಾಮ್ ಕೂಡ, ಒಂಟಿಯಾಗಿ ನಿಂತು ಇದನ್ನು ಸಾಧಿಸುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಉತ್ತರ 2 | ಕಾನೂನು ವಿದ್ಯಾರ್ಥಿ

‘ಯಾವ ಅಧಿಕಾರದಿಂದ’ ಎಂಬ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಇದು ದೇಶದಿಂದ ದೇಶಕ್ಕೆ ಬಹಳ ಬದಲಾಗುತ್ತದೆ. 1985ರ ಯುರೋಪಿನ ಸ್ಥಳೀಯ ಸ್ವಯಮಾಡಳಿತದ ಸನದು, ಸಮಾನ ಹಿತಗಳನ್ನು ಕಾಪಾಡಿಕೊಳ್ಳಲು ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುತ್ತದೆ. ದಕ್ಷಿಣ ಆಫ್ರಿಕಾದ ಸಂವಿಧಾನವು ಒಂದು ಹೆಜ್ಜೆ ಮುಂದೆ ಹೋಗಿ ಸಂಘಟಿತ ಸ್ಥಳೀಯ ಆಡಳಿತವನ್ನು, ಅಂದರೆ ಸ್ಥಳೀಯ ಸಂಸ್ಥೆಗಳ ಸಂಘವನ್ನು, ಹೆಸರಿಟ್ಟು ಗುರುತಿಸಿದೆ: ಸಂಸತ್ತಿನ ಮೇಲ್ಮನೆಯಾದ ಪ್ರಾಂತಗಳ ರಾಷ್ಟ್ರೀಯ ಪರಿಷತ್ತಿನಲ್ಲಿ ಅದರ ಹತ್ತರವರೆಗಿನ ಪ್ರತಿನಿಧಿಗಳು ಅಗತ್ಯವಿದ್ದಾಗ ಭಾಗವಹಿಸಬಹುದು, ಆದರೆ ಮತ ಹಾಕುವಂತಿಲ್ಲ. ಮಾತಿಗೆ ಅವಕಾಶವಿದೆ, ಕೈಯೆತ್ತಲು ಇಲ್ಲ ಎಂಬ ಈ ವ್ಯವಸ್ಥೆಯನ್ನು ಕೆಲವರು ಗೌರವವೆಂದೂ ಕೆಲವರು ಮೂಗಿಗೆ ತುಪ್ಪವೆಂದೂ ಕರೆಯುತ್ತಾರೆ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಹರಿತವಾದ ಅಸ್ತ್ರ ಇರುವುದು ಆಸ್ಟ್ರಿಯದಲ್ಲಿ. ಪೌರಸಂಸ್ಥೆಗಳ ಹಿತವನ್ನು ಪ್ರತಿನಿಧಿಸುವವರೆಂದು ಅಲ್ಲಿನ ಸಂವಿಧಾನ ಹೆಸರಿಸಿರುವ ಸಂಘಗಳು ಎರಡು, ಒಂದು ಗೆಮೈಂಡೆಬುಂಡ್ (ಪೌರಸಂಸ್ಥೆಗಳ ಒಕ್ಕೂಟ), ಇನ್ನೊಂದು ಶ್ಟೆಡ್ಟೆಬುಂಡ್ (ನಗರಗಳ ಒಕ್ಕೂಟ). 1999ರ ಸಮಾಲೋಚನಾ ಒಪ್ಪಂದದ ಪ್ರಕಾರ, ಹೊಸ ಕಾನೂನಿನಿಂದ ತಮ್ಮ ಮೇಲೆ ಖರ್ಚಿನ ಹೊರೆ ಬೀಳುತ್ತದೆಂದು ಕಂಡರೆ ಈ ಸಂಘಗಳು ಮಾತುಕತೆಗೆ ಒತ್ತಾಯಿಸಬಹುದು, ಅಂಥ ಒತ್ತಾಯವನ್ನು ಬದಿಗೊತ್ತಿ ಅಥವಾ ಒಮ್ಮತವಿಲ್ಲದೆ ಕಾನೂನು ಮಾಡಿದರೆ ಹೆಚ್ಚುವರಿ ಖರ್ಚನ್ನು ಆ ಕಾನೂನು ಮಾಡಿದವರೇ ಭರಿಸಬೇಕಾಗುತ್ತದೆ. ‘ಆಜ್ಞೆ ನಿಮ್ಮದು, ಖರ್ಚು ನಮ್ಮದು’ ಎಂಬ ಹಳೆಯ ಜಗಳಕ್ಕೆ ಇಷ್ಟು ನೇರವಾದ ಪರಿಹಾರವನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಉತ್ತರ 3 | ಲೆಕ್ಕಾಧಿಕಾರಿ

ಮೇಲಿನ ಇಬ್ಬರೂ ಒಕ್ಕೂಟದ ಒಂದು ಮುಖವನ್ನು ಮಾತ್ರ ತೋರಿಸಿದ್ದಾರೆ. ಸರ್ಕಾರದ ಮೇಜಿನ ಬಳಿ ಖಾಯಂ ಕುರ್ಚಿ ಸಿಕ್ಕಿದ ಸಂಘಕ್ಕೆ ಅದರ ಬೆಲೆಯನ್ನೂ ತೆರಬೇಕಾಗುತ್ತದೆ. ಡೆನ್ಮಾರ್ಕಿನಲ್ಲಿ 98 ಪೌರಸಂಸ್ಥೆಗಳ ಪರವಾಗಿ ಕೆಎಲ್ ಎಂಬ ಸಂಘವು ಪ್ರತಿ ವರ್ಷ ಸರ್ಕಾರದೊಂದಿಗೆ ಹಣಕಾಸಿನ ಒಪ್ಪಂದ ಮಾಡಿಕೊಳ್ಳುತ್ತದೆ. ಮುಂದಿನ ವರ್ಷ ಎಲ್ಲರೂ ಸೇರಿ ಒಟ್ಟು ಎಷ್ಟು ಖರ್ಚು ಮಾಡಬಹುದು ಎಂಬುದು ಅಲ್ಲಿ ನಿಗದಿಯಾಗುತ್ತದೆ. ಒಟ್ಟು ಮೊತ್ತ ಮಿತಿಯನ್ನು ಮೀರಿದರೆ ಅನುದಾನದ ಒಂದು ಭಾಗಕ್ಕೆ ಕತ್ತರಿ ಬೀಳುವ ಕಾನೂನು ಇರುವುದರಿಂದ, ನಿನ್ನೆಯವರೆಗೆ ಸದಸ್ಯರ ಪರವಾಗಿ ಹಣ ಕೇಳುತ್ತಿದ್ದ ಅದೇ ಸಂಘವು ಇಂದು ಸದಸ್ಯರನ್ನು ಕೂರಿಸಿಕೊಂಡು, ನಿಮ್ಮ ಬಜೆಟ್ ಇಳಿಸಿ ಎಂದು ಹೇಳಬೇಕಾಗುತ್ತದೆ. ವಕೀಲನೇ ಅಮೀನನಾಗಿ ಬಾಗಿಲಿಗೆ ಬಂದ ಹಾಗೆ. ಆದರೂ 98 ಸಂಸ್ಥೆಗಳು ಒಂದೊಂದಾಗಿ ಹಣಕಾಸು ಸಚಿವಾಲಯದ ಬಾಗಿಲು ತಟ್ಟುವುದಕ್ಕಿಂತ ಇದು ಮೇಲೆಂದೇ ನಾನು ಭಾವಿಸುತ್ತೇನೆ. ಆದರೆ ಇದು ಪುಕ್ಕಟೆ ಎಂದು ಮಾತ್ರ ಯಾರೂ ತಿಳಿಯಬಾರದು.

ಇನ್ನು ದೊಡ್ಡವರು, ಚಿಕ್ಕವರು ಎಂಬ ಪ್ರಶ್ನೆ. ಜರ್ಮನಿಯು ಇದನ್ನು ಬೇರ್ಪಡಿಸಿಯೇ ಬಗೆಹರಿಸಿದೆ: ನಗರಗಳಿಗೆ ಒಂದು, ಜಿಲ್ಲೆಗಳಿಗೆ ಒಂದು, ಪಟ್ಟಣ ಮತ್ತು ಗ್ರಾಮಗಳಿಗೆ ಒಂದು, ಹೀಗೆ ಮೂರು ಸಂಘಗಳಿವೆ. ಅಲ್ಲಿ ಪ್ರತಿಯೊಬ್ಬರ ದನಿಯೂ ಸ್ಪಷ್ಟವಾಗಿರುತ್ತದೆ, ಆದರೆ ಮೂವರ ನಡುವಿನ ಬಿರುಕು ಎದುರಿನವರಿಗೆ ಅನುಕೂಲವಾಗುವ ಅಪಾಯವೂ ಇದೆ. ನೆದರ್ಲೆಂಡ್ಸ್‌ನಲ್ಲಿ ಸಂಘ ಒಂದೇ ಆದರೂ, ನಾಲ್ಕು ಮಹಾನಗರಗಳು ತಮ್ಮದೇ ಗುಂಪು ಕಟ್ಟಿಕೊಂಡಿವೆ, ವಿಶಾಲವಾದ ಗ್ರಾಮೀಣ ಪ್ರದೇಶವುಳ್ಳ ಪೌರಸಂಸ್ಥೆಗಳೂ ಪಿ10 ಎಂಬ ಗುಂಪು ಮಾಡಿಕೊಂಡಿವೆ. ಅಂದರೆ ಪ್ರಶ್ನೆ ಕೇಳಿದವರ ಸಂಶಯ ಅವರೊಬ್ಬರದೇ ಅಲ್ಲ.

ಸಂಘದ ಇನ್ನೊಂದು ಕೆಲಸವನ್ನು ಇಲ್ಲಿ ಯಾರೂ ಹೇಳಲಿಲ್ಲ. ಸ್ವೀಡನ್ನಿನ ಎಸ್‌ಕೆಆರ್ ಎಂಬ ಸಂಘವು 290 ಪೌರಸಂಸ್ಥೆಗಳ ಪರವಾಗಿ ಸರ್ಕಾರದೊಂದಿಗೆ ಮಾತನಾಡುವುದರ ಜೊತೆಗೆ, ಉದ್ಯೋಗದಾತರ ಸಂಘವಾಗಿ ನೌಕರರ ಸಂಘಟನೆಗಳೊಂದಿಗೆ ವೇತನದ ಒಪ್ಪಂದವನ್ನೂ ಮಾಡಿಕೊಳ್ಳುತ್ತದೆ. ಸಂಬಳದ ವಿಷಯವನ್ನು ಚಿಕ್ಕ ಸಂಸ್ಥೆಯೊಂದು ತಾನೇ ಚೌಕಾಶಿ ಮಾಡಲು ಹೋದರೆ ವಂತಿಗೆಯ ಹಣಕ್ಕಿಂತ ಎಷ್ಟೋ ಪಾಲು ಹೆಚ್ಚು ಖರ್ಚಾದೀತು.

ಮರುಪ್ರಶ್ನೆ | ಹೊಸ ಸದಸ್ಯೆ

ಮೂವರಿಗೂ ಧನ್ಯವಾದಗಳು. ನಿನ್ನೆ ಕಚೇರಿಯಲ್ಲಿ ವಿಚಾರಿಸಿದೆ. ಒಕ್ಕೂಟದಿಂದ ಕಳೆದ ವರ್ಷ ಬಂದ ಐದು ನಮೂನೆಗಳಲ್ಲಿ ಒಂದಕ್ಕೂ ನಾವು ಉತ್ತರ ಕಳುಹಿಸಿಲ್ಲ, ಒಂದನ್ನಂತೂ ಲಕೋಟೆಯಿಂದ ಹೊರತೆಗೆದೇ ಇಲ್ಲ! ಇವುಗಳಿಗೆ ಉತ್ತರಿಸುವುದರ ಹೊರತಾಗಿ ನಮ್ಮಂಥವರು ಒಕ್ಕೂಟದ ಒಳಗೆ ಏನು ಮಾಡಲು ಸಾಧ್ಯ?

ಉತ್ತರ 4 | ಕರಡು ಓದುಗ

ಮೊದಲು ಆ ಲಕೋಟೆಯನ್ನು ಒಡೆಯಿರಿ. ಆಮೇಲೆ ಒಕ್ಕೂಟದ ಉಪನಿಯಮಗಳನ್ನು ತರಿಸಿಕೊಂಡು ಎರಡು ಅಂಶಗಳನ್ನು ನೋಡಿ: ಸರ್ವಸದಸ್ಯರ ಸಭೆಯಲ್ಲಿ ಮತದ ತೂಕ ಜನಸಂಖ್ಯೆಗೆ ತಕ್ಕಂತೆ ಇದೆಯೋ ಅಥವಾ ಸಂಸ್ಥೆಗೆ ಒಂದರಂತೆ ಇದೆಯೋ, ಮತ್ತು ವಿಷಯವಾರು ಸಮಿತಿಗಳಿಗೆ ಸದಸ್ಯರನ್ನು ಆರಿಸುವವರು ಯಾರು. ಸಾಮಾನ್ಯವಾಗಿ ಎಲ್ಲರೂ ಅಧ್ಯಕ್ಷಗಿರಿಗೆ ಪೈಪೋಟಿ ನಡೆಸುತ್ತಾರೆ, ಕರಡು ಓದುವ ಸಮಿತಿಗೆ ಹೆಸರು ಕೊಡುವವರು ಕಡಿಮೆ. ನಾನಿದ್ದ ಕಡೆ ಆ ಸಮಿತಿಯ ಕುರ್ಚಿಗಳು ವರ್ಷಗಟ್ಟಲೆ ಖಾಲಿ ಬಿದ್ದಿದ್ದವು. ನಿಮ್ಮ ಎಂಜಿನಿಯರ ಬೇಡಿಕೆಯನ್ನು ‘ನಮಗೊಬ್ಬರು ಬೇಕು’ ಎಂದು ಬರೆಯದೆ, ನಿಮ್ಮಷ್ಟೇ ಗಾತ್ರದ ಹತ್ತು ಪುರಸಭೆಗಳಲ್ಲಿ ಆ ಹುದ್ದೆ ಎಷ್ಟು ತಿಂಗಳಿನಿಂದ ಖಾಲಿಯಿದೆ, ಅದರಿಂದ ಯಾವ ಕಾಮಗಾರಿಯ ಅನುದಾನ ಹಿಂದಕ್ಕೆ ಹೋಗಿದೆ ಎಂಬ ಒಂದು ಪುಟದ ಕೋಷ್ಟಕ ಮಾಡಿ ಸಮಿತಿಯ ಮುಂದಿಡಿ. ಬಹುಮತ ಒಪ್ಪದಿದ್ದರೆ ನಿಮ್ಮ ಭಿನ್ನಮತವನ್ನು ಟಿಪ್ಪಣಿಯ ಕೊನೆಯಲ್ಲಿ ಸೇರಿಸಲೇಬೇಕೆಂದು ಹಟ ಹಿಡಿಯಿರಿ. ಇಲಾಖೆಯವರು ಟಿಪ್ಪಣಿಯನ್ನು ಹಿಂದಿನಿಂದಲೇ ಓದಲು ಶುರುಮಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.