ನೃತ್ಯದ ಲೈಟಿಂಗ್: ಬೆಳಕು ಧಾರಾಳವಾಗಿದೆ, ಆದರೂ ನರ್ತಕರು ಚಪ್ಪಟೆ ಕಾಣುತ್ತಾರೆ

ಪ್ರಶ್ನೆ: ಎಂಟು ಜನರ ನೃತ್ಯಕ್ಕೆ ಮೊದಲ ಸಲ ಲೈಟಿಂಗ್ ಮಾಡುತ್ತಿದ್ದೇನೆ. ಎದುರಿನಿಂದ ಆರು ಪಾರ್ ಲೈಟ್ (ಡಬ್ಬಿಯಾಕಾರದ ಸಾದಾ ಸ್ಟೇಜ್ ಲೈಟ್) ಹಾಕಿದ್ದೇನೆ. ಮುಖ ಚೆನ್ನಾಗಿ ಕಾಣುತ್ತದೆ, ಮೈ ಮಾತ್ರ ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಹಾಗಿದೆ. ಹಿಂದಿನ ಪರದೆ ತುಂಬಾ ನೆರಳು. ಇನ್ನೆರಡು ಲೈಟ್ ಸೇರಿಸಲಾ?

ಉತ್ತರ: ದಯವಿಟ್ಟು ಸೇರಿಸಬೇಡಿ, ಇನ್ನೂ ಚಪ್ಪಟೆಯಾಗುತ್ತದೆ. ನೇರ ಎದುರಿನ ಬೆಳಕು ಮೈಯ ಉಬ್ಬುತಗ್ಗನ್ನೆಲ್ಲ ಅಳಿಸಿಬಿಡುತ್ತದೆ. ನೃತ್ಯದಲ್ಲಿ ನೋಡಬೇಕಾದ್ದೇ ಅದು, ಅಲ್ವಾ? ಅಮೆರಿಕದ ಆಧುನಿಕ ನೃತ್ಯಗಾರ್ತಿ ಮಾರ್ಥಾ ಗ್ರಹಾಂ ಅವರ ನೃತ್ಯಗಳಿಗೆ ಬೆಳಕು ಮಾಡಿದ ಜೀನ್ ರೋಸೆಂತಾಲ್ ಪಕ್ಕದ ಬೆಳಕಿಗೆ ಅಷ್ಟು ಒತ್ತು ಕೊಟ್ಟಿದ್ದು ಸುಮ್ನೆ ಅಲ್ಲ.

ಎದುರಿನ ನಾಲ್ಕು ಲೈಟ್ ಇಳಿಸಿ. ಉಳಿದ ಎರಡನ್ನು ಸುಮಾರು 45 ಡಿಗ್ರಿ ಎತ್ತರದಿಂದ, ಮುಖ ಗುರುತು ಸಿಗುವಷ್ಟು ಮಂದವಾಗಿ ಬಿಡಿ. ಆಗ ನೆರಳು ಪರದೆ ಬಿಟ್ಟು ನೆಲಕ್ಕೆ ಇಳಿಯುತ್ತದೆ. ಎರಡೂ ಕಡೆ ವಿಂಗ್‌ನಲ್ಲಿ (ವೇದಿಕೆಯ ಪಕ್ಕದ ಮರೆಯ ಜಾಗ) ಸ್ಟ್ಯಾಂಡ್ ನಿಲ್ಲಿಸಿ, ಒಂದು ಲೈಟ್ ತಲೆಗಿಂತ ಮೇಲೆ, ಒಂದು ಮೊಣಕಾಲಿನ ಕೆಳಗೆ ಕಟ್ಟಿ. ಕೆಳಗಿನದಕ್ಕೆ ಪ್ರೊಫೈಲ್ ಲೈಟ್ (ಬೆಳಕಿನ ಅಂಚನ್ನು ಚೂಪಾಗಿ ಕತ್ತರಿಸಬಹುದಾದ ಲೈಟ್) ಸಿಕ್ಕಿದರೆ ಬಿಡಬೇಡಿ. ಅದರ ಶಟರ್ (ಬೆಳಕು ತಡೆಯುವ ತಗಡು) ಒಳಕ್ಕೆ ತಳ್ಳಿ ಬೆಳಕು ನೆಲ ಮುಟ್ಟದ ಹಾಗೆ ಕತ್ತರಿಸಿ. ನೆಲ ಕತ್ತಲಾಗಿ ಕಾಲು ಮಾತ್ರ ಬೆಳಗಿದಾಗ, ಹಾರಿದವರು ಗಾಳಿಯಲ್ಲೇ ಒಂದು ಕ್ಷಣ ನಿಂತ ಹಾಗೆ ಕಾಣುತ್ತದೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ಮಾಡಿ ನೋಡಿದೆ. ವಿಂಗ್ ಹತ್ತಿರ ಬಂದವರು ಬೆಳ್ಳಗೆ ಉರಿಯುತ್ತಾರೆ, ನಡುವಿನವರು ಮಂಕು.

ಉತ್ತರ: ಸ್ಟ್ಯಾಂಡ್ ತೀರಾ ಅಂಚಿನಲ್ಲಿದೆ ಅನ್ನಿಸುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಲೈಟಿನಿಂದ 1 ಮೀಟರ್ ಮತ್ತು 5 ಮೀಟರ್ ದೂರದಲ್ಲಿರುವವರ ನಡುವೆ 25 ಪಟ್ಟು ವ್ಯತ್ಯಾಸ. ಸ್ಟ್ಯಾಂಡನ್ನು 2 ಮೀಟರ್ ಹಿಂದಕ್ಕೆ ಸರಿಸಿದರೆ ಅದು 3 ಮತ್ತು 7 ಮೀಟರ್ ಆಗಿ, ವ್ಯತ್ಯಾಸ ಸುಮಾರು ಐದೂವರೆ ಪಟ್ಟಿಗೆ ಬರುತ್ತದೆ. ಜಾಗ ಇಲ್ಲದಿದ್ದರೆ ವೇದಿಕೆಯ ಮೇಲೆ ಲೈಟ್ ಕಟ್ಟುವ ಪೈಪಿನ ತುದಿಗಳಿಂದ ನಡುಭಾಗಕ್ಕೆ ಇಳಿಜಾರಾಗಿ ಬೆಳಕು ಕೊಡಿ.

ಇನ್ನೊಂದು ಮಾತು. ಸ್ಟ್ಯಾಂಡಿನ ಕಾಲಿಗೆ ಬಿಳಿ ಟೇಪ್ ಸುತ್ತಿ, ವೈರ್ ನೆಲಕ್ಕೆ ಅಂಟಿಸಿ. ವೇದಿಕೆಯಿಂದ ಓಡಿ ವಿಂಗ್ ಒಳಗೆ ಬರುವವರಿಗೆ ಕಣ್ಣು ಕತ್ತಲೆ ಕಟ್ಟಿರುತ್ತದೆ. ಪಕ್ಕದ ಲೈಟ್ ಹಾಕಿಯೇ ಒಂದು ಪೂರ್ತಿ ರಿಹರ್ಸಲ್ ಮಾಡಿಸಿ. ಸುತ್ತು ಹೊಡೆಯುವಾಗ ಆ ಬೆಳಕು ಕಣ್ಣಿಗೆ ಹೊಡೆದು ಸಮತೋಲ ತಪ್ಪುತ್ತದೆ.

ಪ್ರಶ್ನೆ: ಸರಿಹೋಯಿತು! ಚಾಚಿದ ತೋಳಿನ ಮೊಣಕೈ ಗುಳಿ ಕೂಡ ಕೊನೆಯ ಸಾಲಿಗೆ ಕಂಡಿತು. ಆದರೆ ಕಡುನೀಲಿ ಬಟ್ಟೆ ಕಪ್ಪಾಗಿದೆ. ಎರಡೂ ಕಡೆ ಅಂಬರ್ (ಹಳದಿ-ಕಿತ್ತಳೆ) ಬಣ್ಣ ಹಾಕಿದ್ದೇನೆ.

ಉತ್ತರ: ಅಂಬರ್ ಬೆಳಕಿನಲ್ಲಿ ನೀಲಿ ಇರುವುದೇ ತೀರಾ ಕಡಿಮೆ. ಒಂದು ಕಡೆ ತಿಳಿನೀಲಿ ಹಾಕಿ, ಇನ್ನೊಂದು ಕಡೆ ಅಂಬರ್ ಹಾಗೇ ಇರಲಿ. ಬಟ್ಟೆ ತೊಟ್ಟು ಒಬ್ಬರು ನಿಂತುಕೊಂಡರೆ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ.