ಊಟದ ಕೋಣೆಯ ನೆಲ ಕುಸಿಯುತ್ತಿದೆ: ಪೂರ್ತಿ ಒಡೆಯದೆ ಸರಿಪಡಿಸಬಹುದೇ?

ಉತ್ತರಹಳ್ಳಿ ನಿವಾಸಿ:
ಎಲ್ಲರಿಗೂ ನಮಸ್ಕಾರ. ನಮ್ಮದು 30×40 ನಿವೇಶನದಲ್ಲಿ 2011ರಲ್ಲಿ ಕಟ್ಟಿಸಿದ ಮನೆ. ಅಡುಗೆಮನೆಗೆ ಹೊಂದಿಕೊಂಡಿರುವ ಊಟದ ಕೋಣೆಯಲ್ಲಿ ಸುಮಾರು 10 ಅಡಿ ಉದ್ದ, 8 ಅಡಿ ಅಗಲದಷ್ಟು ನೆಲ ಎರಡು ವರ್ಷಗಳಿಂದ ನಿಧಾನವಾಗಿ ಇಳಿಯುತ್ತಿದೆ. ಸ್ಕರ್ಟಿಂಗ್ (ಗೋಡೆಯ ಬುಡದ ಟೈಲ್ಸ್ ಪಟ್ಟಿ) ಗೋಡೆಗೆ ಅಂಟಿಕೊಂಡೇ ಇದೆ. ಅದರ ಕೆಳಗೆ ಮೊದಲು ಪೋಸ್ಟ್‌ಕಾರ್ಡ್ ತೂರುವಷ್ಟಿದ್ದ ಸಂದಿಯಲ್ಲಿ ಈಗ ನನ್ನ ಕಿರುಬೆರಳು ಹೋಗುತ್ತದೆ. ಮೇಸ್ತ್ರಿಯೊಬ್ಬರು ನೆಲವನ್ನೆಲ್ಲ ಒಡೆದು ಹೊಸದಾಗಿ ಕಾಂಕ್ರೀಟ್ ಹಾಕಬೇಕೆಂದರು. ಪಕ್ಕದ ಕೋಣೆಯಲ್ಲಿ ಹಾಸಿಗೆ ಹಿಡಿದಿರುವ ತಾಯಿಯವರಿದ್ದಾರೆ, ಆ ದೂಳು ಮತ್ತು ಸದ್ದನ್ನು ಅವರು ತಡೆಯಲಾರರು. ಬೇರೆ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಸಿವಿಲ್ ಇಂಜಿನಿಯರ್, ಯಲಹಂಕ:
ಸರ್, ಇಳಿಯುತ್ತಿರುವುದು ನೆಲವೋ ಪಾಯವೋ ಎಂಬುದು ಮೊದಲು ತೀರ್ಮಾನವಾಗಬೇಕು. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟ ಬಿರುಕುಗಳಿದ್ದರೆ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿದ್ದರೆ, ಇಲ್ಲಿಗೇ ನಿಲ್ಲಿಸಿ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿ. ಗೋಡೆ ನೆಟ್ಟಗಿದ್ದು ನೆಲ ಮಾತ್ರ ಸ್ಕರ್ಟಿಂಗ್ ಬಿಟ್ಟು ಕೆಳಗಿಳಿದಿದ್ದರೆ, ಪಾಯದ ನಡುವೆ ತುಂಬಿದ ಮಣ್ಣು ಕುಗ್ಗಿದೆ ಎಂದರ್ಥ. ನಮ್ಮಲ್ಲಿ ಆ ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡುವವರು ಕಡಿಮೆ. ಅಗೆದ ಮಣ್ಣು, ಇಟ್ಟಿಗೆ ಚೂರು, ಸಿಮೆಂಟ್ ಚೀಲವನ್ನೂ ಸೇರಿಸಿ ಒಟ್ಟಿಗೆ ಸುರಿದು ಮೇಲೆ ಜಲ್ಲಿ ಕಾಂಕ್ರೀಟ್ ಎಳೆದುಬಿಡುತ್ತಾರೆ. ಬೆಂಗಳೂರಿನ ಕೆಂಪು ಮಣ್ಣು ಒಣಗಿದ್ದಾಗ ಹೀಗೆ ಸಡಿಲವಾಗಿದ್ದರೂ ಭಾರ ಹೊರುತ್ತದೆ, ನೀರು ಸೇರಿದ ದಿನ ಕುಸಿಯುತ್ತದೆ. ಹತ್ತು ವರ್ಷ ಸುಮ್ಮನಿದ್ದ ನೆಲ ಈಗ ಇಳಿಯುತ್ತಿದೆ ಎಂದಾದರೆ ನನ್ನ ಅನುಮಾನವೆಲ್ಲ ನೀರಿನ ಮೇಲೆ.

ರಾತ್ರಿ ನಲ್ಲಿಗಳನ್ನೆಲ್ಲ ನಿಲ್ಲಿಸಿ, ಮೋಟಾರ್ ಹಾಕದೆ, ಓವರ್‌ಹೆಡ್ ಟ್ಯಾಂಕಿನ ಮಟ್ಟವನ್ನು ಗುರುತು ಮಾಡಿ ಬೆಳಿಗ್ಗೆ ನೋಡಿ. ಮೀಟರನ್ನು ನಂಬಬೇಡಿ, ಸಂಪಿನಿಂದ ಈಚೆಗಿನ ಸೋರಿಕೆ ಅದಕ್ಕೆ ಕಾಣುವುದಿಲ್ಲ. ಆಮೇಲೆ ಹೊರಗಿನ ಚೇಂಬರಿನಲ್ಲಿ (ಕೊಳಚೆ ನೀರಿನ ಗುಂಡಿಯಲ್ಲಿ) ಅಡುಗೆಮನೆಯ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಒಳಗಿನಿಂದ ಆ ಪೈಪನ್ನು ನೀರಿನಿಂದ ತುಂಬಿಸಿ ಅರ್ಧ ಗಂಟೆ ಗಮನಿಸಿ.

ಉತ್ತರಹಳ್ಳಿ ನಿವಾಸಿ:
ಗೋಡೆಗಳಲ್ಲಿ ಬಿರುಕಿಲ್ಲ. ಟ್ಯಾಂಕಿನ ಮಟ್ಟ ಇಳಿಯಲಿಲ್ಲ. ಆದರೆ ಸಿಂಕಿನ ಪೈಪಿನಲ್ಲಿ ತುಂಬಿಸಿದ ನೀರು ಇಪ್ಪತ್ತು ನಿಮಿಷದಲ್ಲಿ ಕಣ್ಣಿಗೆ ಕಾಣದಷ್ಟು ಕೆಳಗೆ ಹೋಯಿತು, ಬಟ್ಟೆ ಮಾತ್ರ ಹಾಗೆಯೇ ಇತ್ತು.

ಗಿರಿನಗರ ವಾಸಿ:
ನಮ್ಮ ಬೀದಿಯಲ್ಲೂ ಇದೇ ಕಥೆ. ಇಡೀ ಬಡಾವಣೆ ಕೆರೆಯಂಗಳವಾಗಿದ್ದರೆ ಏನು ಮಾಡಿದರೂ ವ್ಯರ್ಥವಲ್ಲವೇ?

ಸಿವಿಲ್ ಇಂಜಿನಿಯರ್, ಯಲಹಂಕ:
ಹಾಗೇನಿಲ್ಲ. ಕಂಠೀರವ ಕ್ರೀಡಾಂಗಣ ನಿಂತಿರುವುದೇ ಸಂಪಂಗಿ ಕೆರೆಯ ಅಂಗಳದಲ್ಲಿ. ಅಂಥ ಕಡೆ ಪಾಯದ ಲೆಕ್ಕ ಬೇರೆ, ಅಷ್ಟೇ.

ಉತ್ತರಹಳ್ಳಿಯವರಿಗೆ: ನೆಲದಡಿಯ ಸಿಂಕಿನ ಪೈಪೇ ಸೋರುತ್ತಿದೆ. ಆ ಹಳೆಯ ಪೈಪನ್ನು ಹುಡುಕಿ ಅಗೆಯಬೇಡಿ. ಸಿಂಕಿನ ಹಿಂದಿನ ಗೋಡೆಯಲ್ಲಿ ನೆಲಕ್ಕಿಂತ ಮೇಲೆ ರಂಧ್ರ ಕೊರೆದು, ಹೊರಗಿನಿಂದಲೇ ಚೇಂಬರಿಗೆ ಹೊಸ ಪೈಪು ಎಳೆಸಿ. ಹಳೆಯದರ ಎರಡೂ ಬಾಯಿಗಳನ್ನು ಗಟ್ಟಿಯಾಗಿ ಮುಚ್ಚಿಸಿ, ಇಲ್ಲವಾದರೆ ಮುಂದೆ ಕಾಂಕ್ರೀಟಿನ ಕೆಳಗಿನ ಟೊಳ್ಳು ತುಂಬಲು ಸುರಿಯುವ ಸಿಮೆಂಟ್ ಹಾಲು (ಸ್ಲರಿ) ಆ ಪೈಪಿನಲ್ಲಿ ಹರಿದು ಚೇಂಬರಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಬಳಿಕ ಸ್ಕರ್ಟಿಂಗಿನ ಕೆಳಗೆ ನಾಲ್ಕು ಕಡೆ ಪೆನ್ಸಿಲ್ ಗುರುತು ಹಾಕಿ, ವಾರಕ್ಕೊಮ್ಮೆ ಸ್ಟೀಲ್ ಸ್ಕೇಲಿನಿಂದ ಸಂದಿ ಅಳೆದು ಬರೆದಿಡಿ. ಆರು ವಾರ ಅಳತೆ ಬದಲಾಗದಿದ್ದರೆ ಮಾತ್ರ ಮುಂದಿನ ಕೆಲಸ. ಹಸಿ ಮಣ್ಣಿನ ಮೇಲೆ ಎಷ್ಟು ತುಂಬಿದರೂ ಅದು ಮತ್ತೆ ಇಳಿಯುತ್ತದೆ.

ಆಗ ಟೈಲ್ಸ್ ಕೂಡುವ ಮೂಲೆಗಳಲ್ಲಿ, ಎರಡೆರಡು ಅಡಿ ಅಂತರದಲ್ಲಿ, 16 ಮಿಲಿಮೀಟರ್ ರಂಧ್ರ ಕೊರೆಸಿ. ಕಾಂಕ್ರೀಟ್ ದಾಟಿದ ಕೂಡಲೇ ಡ್ರಿಲ್ ಗಕ್ಕನೆ ಒಳಗೆ ಜಾರುತ್ತದೆ. ತುದಿ ಬಾಗಿಸಿದ ಸೈಕಲ್ ಕಡ್ಡಿಯನ್ನು ಇಳಿಸಿ, ಕಾಂಕ್ರೀಟಿನ ಅಡಿಗೆ ಸಿಕ್ಕಿಸಿ ಒಮ್ಮೆ, ಮಣ್ಣಿಗೆ ತಾಗಿಸಿ ಒಮ್ಮೆ ಅಳೆದರೆ ಟೊಳ್ಳು ಎಷ್ಟೆಂದು ತಿಳಿಯುತ್ತದೆ. ಸರಾಸರಿ 20 ಮಿಲಿಮೀಟರ್ ಇದ್ದರೆ ನಿಮ್ಮ ಜಾಗಕ್ಕೆ ಸುಮಾರು 150 ಲೀಟರ್ ಸ್ಲರಿ ಬೇಕು. 50 ಕಿಲೋ ಸಿಮೆಂಟ್ ಚೀಲಕ್ಕೆ 25 ಲೀಟರ್ ನೀರು ಬೆರೆಸಿದರೆ 40 ಲೀಟರ್ ಚಿಲ್ಲರೆ ಸ್ಲರಿ ಸಿಗುತ್ತದೆ, ಅಂದರೆ ನಾಲ್ಕು ಚೀಲ.

ಪಂಪು ಬೇಡವೇ ಬೇಡ, ಲಾಳಿಕೆಯೇ ಸಾಕು. ಲಾಳಿಕೆಯನ್ನೂ ಅರ್ಧ ಅಡಿಗಿಂತ ಎತ್ತರಿಸಬೇಡಿ. ಒಂದು ಮೀಟರ್ ಎತ್ತರ ನಿಂತ ಸ್ಲರಿ ಚದರ ಮೀಟರಿಗೆ 1,800 ಕಿಲೋದಷ್ಟು ಒತ್ತುತ್ತದೆ, ನಿಮ್ಮ ನಾಲ್ಕಿಂಚು ಕಾಂಕ್ರೀಟಿನ ತೂಕವೋ 240 ಕಿಲೋ ಮಾತ್ರ. ಕಂಬಿಯಿಲ್ಲದ ಆ ಹಲಗೆ ಎದ್ದರೆ ಬಿರಿಯುತ್ತದೆ. ಪಾಲಿಯುರೆಥೇನ್ ಫೋಮ್ ಹಾಕಿ ನೆಲ ಎತ್ತಿಕೊಡುವವರು ಇದ್ದಾರೆ, ಆದರೆ ಇಂಥ ನೆಲಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ತಗ್ಗಿನ ಕಡೆಯಿಂದ ಸುರಿಯುತ್ತ, ಪಕ್ಕದ ರಂಧ್ರದಲ್ಲಿ ಸ್ಲರಿ ಉಕ್ಕಿದಾಗ ಅದಕ್ಕೆ ಮರದ ಬಿರಡೆ ಹಾಕಿ ಮುಂದೆ ಹೋಗಿ. ಸಿಮೆಂಟ್ ತಳಕ್ಕಿಳಿದು ಮೇಲೆ ನೀರು ಬಿಡುವುದರಿಂದ ಮರುದಿನ ಇನ್ನೊಮ್ಮೆ ತುಂಬಿಸಬೇಕು.

ಉತ್ತರಹಳ್ಳಿ ನಿವಾಸಿ:
ತಿಳಿಸಿದಂತೆಯೇ ಮಾಡಿಸಿದೆ. ಏಳನೆಯ ವಾರ ಸ್ಲರಿ ಹಾಕಿಸಿದೆವು, ಐದು ಚೀಲ ಹಿಡಿಯಿತು, ಡ್ರಿಲ್ಲಿನ ಸದ್ದು ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಈಗ ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದಿಲ್ಲ, ಬಾಗಿಲ ಬಳಿಯ ಒಂದು ಟೈಲ್ಸ್ ಬಿಟ್ಟು. ನೆಲ ಮಾತ್ರ ತಗ್ಗಾಗಿಯೇ ಇದೆ.

ಸಿವಿಲ್ ಇಂಜಿನಿಯರ್, ಯಲಹಂಕ:
ಆ ಒಂದು ಟೈಲ್ಸ್ ಕೆಳಗಿನ ಗಾರೆ ಬಿಟ್ಟಿರಬಹುದು, ಅದನ್ನು ಕಿತ್ತು ಕೂರಿಸಿದರಾಯಿತು. ತಗ್ಗನ್ನು ಒಂದು ಮಳೆಗಾಲ ಕಳೆಯುವವರೆಗೆ ಹಾಗೆಯೇ ಬಿಟ್ಟು, ಪೆನ್ಸಿಲ್ ಗುರುತುಗಳನ್ನು ಅಳಿಸದೆ ಅಳೆಯುತ್ತಿರಿ. ಅಳತೆ ಕದಲದಿದ್ದರೆ ಟೈಲ್ಸ್ ಅಂಟಿನಿಂದ ಹಳೆಯ ನೆಲದ ಮೇಲೆಯೇ ಹೊಸ ಟೈಲ್ಸ್ ಹಾಕಿಸಿ ಮಟ್ಟಕ್ಕೆ ತರಬಹುದು.