ಕೊಡ ಹೊತ್ತ ಅಜ್ಜಿ ನಡೆಯುತ್ತಿಲ್ಲ, ತೇಲುತ್ತಿದ್ದಾಳೆ!

ಪ್ರಶ್ನೆ: ನಮಸ್ಕಾರ ಸರ್. ಅನಿಮೇಷನ್ ಕಲಿಯಲು ಶುರು ಮಾಡಿ ಎಂಟು ತಿಂಗಳಾಯ್ತು. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಒಬ್ಬ ಅಜ್ಜಿಯ ವಾಕ್ ಸೈಕಲ್ (ಮತ್ತೆ ಮತ್ತೆ ಸುತ್ತುವ ಎರಡು ಹೆಜ್ಜೆಯ ನಡಿಗೆ) ಮಾಡುತ್ತಿದ್ದೇನೆ. ಎಡ ಸೊಂಟದ ಮೇಲೆ ನೀರು ತುಂಬಿದ ಕೊಡ. ಸೆಕೆಂಡಿಗೆ 24 ಫ್ರೇಮ್. 1, 13, 25ನೇ ಫ್ರೇಮ್‌ಗಳಲ್ಲಿ ಕಾಂಟ್ಯಾಕ್ಟ್ ಪೋಸ್ (ಮುಂದಿನ ಹಿಮ್ಮಡಿ ನೆಲಕ್ಕೆ ತಾಗುವ ಭಂಗಿ), 7 ಮತ್ತು 19ರಲ್ಲಿ ಪಾಸಿಂಗ್ (ಒಂದು ಕಾಲು ಇನ್ನೊಂದನ್ನು ದಾಟುವ ಭಂಗಿ) ಇಟ್ಟಿದ್ದೇನೆ. ಅಜ್ಜಿ ತೇಲಿದ ಹಾಗೆ ಕಾಣುತ್ತಾಳೆ, ಪಾದಗಳು ಜಾರುತ್ತವೆ. ಪಾದದ ಕೀಗಳನ್ನು (ಭಂಗಿ ದಾಖಲಿಸಿದ ಗುರುತುಗಳನ್ನು) ಮೂರು ಸಲ ಅಳಿಸಿ ಮತ್ತೆ ಮಾಡಿದೆ. ಅದೇ ಕತೆ.

ಉತ್ತರ: ಪಾದ ಬಿಡಿ, ಮೊದಲು ಸೊಂಟ ನೋಡಿ. ನಿಮ್ಮ ಅಜ್ಜಿಯ ಸೊಂಟ ಹಳಿಯ ಮೇಲೆ ಹೋಗುವ ಹಾಗೆ ನೇರವಾಗಿ ಹೋಗುತ್ತಿರಬೇಕು, ಅಲ್ವಾ? ಡೌನ್, ಅಪ್ ಎರಡೂ ಇಲ್ಲದಿದ್ದರೆ ಹಾಗೇ ಆಗುವುದು.

ಹಿಮ್ಮಡಿ ನೆಲಕ್ಕೆ ತಾಗಿದಾಗ ಭಾರ ಇನ್ನೂ ಆ ಕಾಲಿಗೆ ಪೂರ್ತಿ ಬಂದಿರುವುದಿಲ್ಲ. ಅದು ಬರುವುದು ಮೂರು ಫ್ರೇಮ್ ಆದ ಮೇಲೆ, 4ರಲ್ಲಿ. ಮಂಡಿ ಬಾಗುತ್ತದೆ, ಸೊಂಟ ಎಲ್ಲಕ್ಕಿಂತ ಕೆಳಗೆ ಇಳಿಯುತ್ತದೆ. ಅದೇ ಡೌನ್. 10ರಲ್ಲಿ ಹಿಮ್ಮಡಿ ಎದ್ದು ದೇಹವನ್ನು ಮುಂದಕ್ಕೆ ತಳ್ಳುತ್ತದೆ, ಸೊಂಟ ಎಲ್ಲಕ್ಕಿಂತ ಮೇಲೆ ಇರುತ್ತದೆ. ಅದು ಅಪ್. 16, 22ರಲ್ಲಿ ಇನ್ನೊಂದು ಕಾಲಿಗೂ ಹೀಗೇ.

ಇನ್ನು ಕೊಡ. ಹತ್ತು ಲೀಟರ್ ನೀರು ಅಂದರೆ ಹತ್ತು ಕೆಜಿ, ಕೊಡದ ತೂಕ ಬೇರೆ. ಅದಕ್ಕೆ ಆಸರೆಯಾಗಲು ಸೊಂಟ ಎಡಕ್ಕೆ ಉಬ್ಬುತ್ತದೆ, ಮೈ ಬಲಕ್ಕೆ ವಾಲುತ್ತದೆ. ಎಡಗೈ ಕೊಡವನ್ನು ತಬ್ಬಿರುತ್ತದೆ, ಅದನ್ನು ಬೀಸಲೇಬೇಡಿ. ಬಲಗೈ ಮೈಯಿಂದ ಸ್ವಲ್ಪ ದೂರ ಚಾಚಿರಲಿ. ಹೆಜ್ಜೆ ಗಿಡ್ಡ. ಎಡಗಾಲಿನ ಡೌನ್ ಬಲಗಾಲಿಗಿಂತ ಆಳಕ್ಕೆ ಹೋಗಲಿ. ಅಂದರೆ ಮೊದಲ ಅರ್ಧ ಮಾಡಿ ಎರಡನೆಯದಕ್ಕೆ ಮಿರರ್ ಪೇಸ್ಟ್ (ಎಡ-ಬಲ ತಿರುಗಿಸಿದ ನಕಲು) ಹೊಡೆಯುವ ಚಾಳಿ ಇಲ್ಲಿ ನಡೆಯಲ್ಲ.

ಮನೆಯಲ್ಲಿ ಕೊಡ ಇದ್ದರೆ ನೀವೇ ಹೊತ್ತು ನಡೆದು ಮೊಬೈಲ್‌ನಲ್ಲಿ ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ವಿಡಿಯೋ ಮಾಡಿ. ಖಾಲಿ ಕೊಡ ಹಿಡಿದು ನಟಿಸಬೇಡಿ. ನಾನೊಮ್ಮೆ ಹಾಗೆ ಮಾಡಿ, ಎರಡು ದಿನದ ಕೆಲಸ ಕಸಕ್ಕೆ ಹಾಕಿದ್ದೇನೆ.

ಪಾದ ಜಾರುವುದು ಬೇರೆ ವಿಷಯ. ನಿಂತಲ್ಲೇ ನಡೆಯುವ ಸೈಕಲ್ ಆದರೆ ನೆಲದ ಮೇಲಿರುವ ಪಾದ ಒಂದೇ ವೇಗದಲ್ಲಿ ಹಿಂದಕ್ಕೆ ಹೋಗಬೇಕು. ಬ್ಲೆಂಡರ್ ಸುಮ್ನೆ ಬಿಟ್ಟರೆ ಕೀಗಳ ನಡುವೆ ಬೆಜಿಯರ್ ಎಂಬ ಬಾಗಿದ ಗೆರೆ ಹಾಕುತ್ತದೆ, ಪಾದ ನಿಧಾನವಾಗಿ ಹೊರಟು ನಿಧಾನವಾಗಿ ನಿಲ್ಲುತ್ತದೆ. ಈ ಗೆರೆಗಳು ಕಾಣುವ ಗ್ರಾಫ್ ಎಡಿಟರ್‌ನಲ್ಲಿ ಅಷ್ಟು ಭಾಗ ಮಾತ್ರ ಆಯ್ದು, ಟಿ ಒತ್ತಿ ಲೀನಿಯರ್ (ನೇರ ಗೆರೆ) ಮಾಡಿ. ಹಾಗೆಯೇ 25ನೇ ಫ್ರೇಮ್ 1ರ ನಕಲು. ಪ್ಲೇಬ್ಯಾಕ್ 24ಕ್ಕೇ ಮುಗಿಸಿ, ಇಲ್ಲದಿದ್ದರೆ ಪ್ರತಿ ಸುತ್ತಿಗೂ ಒಂದು ಚಿಕ್ಕ ತಡೆ ಕಾಣುತ್ತದೆ.

ಪ್ರಶ್ನೆ: ಸರ್, ಡೌನ್ ಹಾಕಿದೆ, ತೇಲುವುದು ನಿಂತಿತು! ಆದರೆ 10, 11ರ ಹತ್ತಿರ ಮಂಡಿ ಟಕ್ ಅಂತ ಸಿಡಿಯುತ್ತದೆ.

ಉತ್ತರ: ಅಪ್‌ನಲ್ಲಿ ಸೊಂಟ ಜಾಸ್ತಿ ಎತ್ತಿದ್ದೀರಿ. ಐಕೆ ಕಾಲು (ಪಾದ ಸರಿಸಿದರೆ ಮಂಡಿ ತಾನೇ ಬಾಗುವ ಕಾಲು) ಪೂರ್ತಿ ನೆಟ್ಟಗಾಗಿ, ಮರು ಫ್ರೇಮಿಗೇ ಬಾಗಿದರೆ ಹೀಗೆ ಸಿಡಿಯುತ್ತದೆ. ಸೊಂಟ ಕೂದಲೆಳೆಯಷ್ಟು ಇಳಿಸಿ. ಸಾಲದಿದ್ದರೆ ಹಿಂದಿನ ಪಾದದ ಹಿಮ್ಮಡಿಯನ್ನು ಒಂದು ಫ್ರೇಮ್ ಮೊದಲೇ ಎತ್ತಿ. ಅಜ್ಜಿಯ ಮಂಡಿ ಅಲ್ವಾ, ಎಂದೂ ಪೂರ್ತಿ ನೆಟ್ಟಗಾಗದಿದ್ದರೂ ನಂಬುವ ಹಾಗೇ ಇರುತ್ತದೆ.

ಇನ್ನೊಬ್ಬರ ಪ್ರಶ್ನೆ: ನಾನು ಕೈಯಲ್ಲಿ ಬಿಡಿಸುವವಳು. ಇದನ್ನೇ ಟೂಸ್‌ನಲ್ಲಿ, ಅಂದರೆ ಎರಡು ಫ್ರೇಮಿಗೆ ಒಂದು ಚಿತ್ರದಂತೆ, ಮಾಡಬಹುದಾ?

ಉತ್ತರ: ಮಾಡಬಹುದು ಮೇಡಂ. ಹೆಜ್ಜೆಗೆ ಆರೇ ಚಿತ್ರ ಸಾಕು. 4ರಲ್ಲಿ ಚಿತ್ರವೇ ಇರುವುದಿಲ್ಲ, ಹಾಗಾಗಿ ಡೌನ್ ಅನ್ನು 3ಕ್ಕೋ 5ಕ್ಕೋ ತಳ್ಳಿ. ಹಿನ್ನೆಲೆ ಪ್ರತಿ ಫ್ರೇಮಿಗೂ ಸರಿಯುತ್ತಿದ್ದರೆ ಮಾತ್ರ ಟೂಸ್ ಬೇಡ. ಪಾದ ನೆಲದ ಮೇಲೆ ನಡುಗುತ್ತದೆ.